ಖಾಲಿ ಬೆನ್ನಿನ ಟ್ರಕ್ಕಿಗೆ ಎಂಥ ಶಾಕಪ್?

ಹಳೆಯ ಅಮೆರಿಕನ್ ಪಿಕಪ್ ಕೊಂಡವರು ಮೊದಲು ದುಡ್ಡು ಸುರಿಯುವುದು ಬಣ್ಣಕ್ಕೆ, ಆಮೇಲೆ ಎಂಜಿನ್ನಿಗೆ, ಅದಾದ ಮೇಲೆ ಹೊಳೆಯುವ ರಿಮ್ಮುಗಳಿಗೆ. ಎಲ್ಲ ಮುಗಿಸಿ ಹೆದ್ದಾರಿಗೆ ಇಳಿಸಿದಾಗ ಗಾಡಿ ತೇಲಾಡುತ್ತದೆ. ಸೇತುವೆಯ ಜೋಡಣೆಯೊಂದನ್ನು ದಾಟಿದ ಮೇಲೆ ಮೂರು ಸಲ, ನಾಲ್ಕು ಸಲ ಮೂತಿ ಎತ್ತಿ ಇಳಿಸಿ ಆಮೇಲೆ ಸುಮ್ಮನಾಗುತ್ತದೆ. ಶಾಕ್ ಅಬ್ಸಾರ್ಬರ್ ಎಂಬುದೊಂದು ಇದೆಯೆಂದು ನೆನಪಾಗುವುದು ಆಗ. ಅಂಗಡಿಯಲ್ಲಿ ಇರುವುದರಲ್ಲೇ ಅತಿ ಗಟ್ಟಿ ಎನ್ನುವ ಜೊತೆಯನ್ನು ತಂದು ಬಿಗಿಸಿದರೆ ತೇಲುವುದೇನೋ ನಿಲ್ಲುತ್ತದೆ, ಒದೆಯುವುದು ಶುರುವಾಗುತ್ತದೆ. ತಿರುವಿನ ನಡುವೆ ಸಣ್ಣದೊಂದು ಗುಂಡಿ ಸಿಕ್ಕರೂ ಸಾಕು, ಹಿಂದಿನ ಆಕ್ಸಲ್ ಪಕ್ಕಕ್ಕೆ ಜಿಗಿದು ಚಾಲಕನ ಎದೆ ಝಲ್ಲೆನ್ನುತ್ತದೆ.

ಗ್ಯಾರೇಜಿನ ಮಾತಿನಲ್ಲಿ ಇದಕ್ಕೆ ‘ಶಾಕಪ್ ಸೆಟ್ ಆಗಿಲ್ಲ’ ಅನ್ನುತ್ತಾರೆ. ಸರಿಯಾದ ಮಾತೇ. ಆದರೆ ಸೆಟ್ ಆಗಬೇಕಾದದ್ದು ಯಾವುದಕ್ಕೆ? ಶಾಕಪ್ಪು ತನ್ನಷ್ಟಕ್ಕೆ ತಾನು ಗಟ್ಟಿಯೂ ಅಲ್ಲ, ಮೆತ್ತಗೂ ಅಲ್ಲ. ಅದರ ಮೇಲೆ ಎಷ್ಟು ತೂಕ ಕುಣಿಯುತ್ತದೆ, ಪಕ್ಕದ ಸ್ಪ್ರಿಂಗ್ ಎಷ್ಟು ಬಿರುಸು, ಅದನ್ನು ಎಲ್ಲಿ ಯಾವ ಕೋನದಲ್ಲಿ ಕಟ್ಟಿದ್ದಾರೆ ಎಂಬ ಮೂರನ್ನು ತಿಳಿಯದೆ ಆ ಮಾತಿಗೆ ಅರ್ಥವಿಲ್ಲ. ಕಾರಿನಲ್ಲಿ ಈ ಲೆಕ್ಕವನ್ನು ಕಂಪನಿಯೇ ಒಮ್ಮೆ ಮಾಡಿಟ್ಟರೆ ಮುಗಿಯಿತು. ಪಿಕಪ್ಪಿನಲ್ಲಿ ತೂಕವೇ ದಿನಕ್ಕೊಂದು.

ಎದುರಿಗೆ ಒಂದು ಗಾಡಿ ಇದ್ದರೆ ಮಾತು ಸಲೀಸು. 1967ರಿಂದ 1972ರವರೆಗಿನ ಷೆವರ್ಲೆ ಸಿ-10 ಅನ್ನೇ ತೆಗೆದುಕೊಳ್ಳೋಣ. ಅರ್ಧ ಟನ್ನಿನ ವರ್ಗದ, ಹಿಂದಿನ ಎರಡು ಚಕ್ರ ಎಳೆಯುವ ಟ್ರಕ್ಕು ಇದು. ಗಿಡ್ಡ ತೊಟ್ಟಿಯದಕ್ಕೆ ಮುಂದಿನ ಹಿಂದಿನ ಚಕ್ರಗಳ ನಡುವೆ 115 ಇಂಚು, ಉದ್ದ ತೊಟ್ಟಿಯದಕ್ಕೆ 127 ಇಂಚು. ಆ ಕಾಲದ ಪಿಕಪ್ಪುಗಳಲ್ಲಿ ಇದರ ಕೆಳಮೈ ಸ್ವಲ್ಪ ವಿಶೇಷವಾದದ್ದು. 1960ರಲ್ಲೇ ಷೆವರ್ಲೆ ತನ್ನ ಹಗುರ ಟ್ರಕ್ಕುಗಳ ಮುಂದಿನ ಇಡಿ ಆಕ್ಸಲ್ಲನ್ನು ಕೈಬಿಟ್ಟು, ಎಡಬಲದ ಚಕ್ರಗಳು ಒಂದರ ಹಂಗಿಲ್ಲದೆ ಇನ್ನೊಂದು ಆಡುವ ಸಸ್ಪೆನ್ಷನ್ ಕೊಟ್ಟಿತ್ತು. ಮೊದಲು ಅದಕ್ಕೆ ಟಾರ್ಷನ್ ಬಾರ್ ಇತ್ತು, 1963ರಿಂದ ಸುರುಳಿ ಸ್ಪ್ರಿಂಗ್ ಬಂತು. ಹಿಂದುಗಡೆ ಇಡಿ ಆಕ್ಸಲ್ಲೇ ಉಳಿಯಿತು. ಆದರೆ ಅದನ್ನು ಹೊತ್ತದ್ದು ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಬ್ಲೇಡ್ ಸೆಟ್ಟಲ್ಲ. ಎರಡು ಉದ್ದನೆಯ ತೋಳುಗಳು, ಅವುಗಳ ಮೇಲೆ ಎರಡು ಸುರುಳಿ ಸ್ಪ್ರಿಂಗುಗಳು. ಅದೇ ಜನರಲ್ ಮೋಟರ್ಸಿನ ಇನ್ನೊಂದು ಮುದ್ರೆಯಾದ ಜಿಎಂಸಿ, ಹೆಚ್ಚುಕಮ್ಮಿ ಅದೇ ಬಾಡಿಯ ಅರ್ಧ ಟನ್ ಟ್ರಕ್ಕನ್ನು ಹಿಂದೆ ಬ್ಲೇಡ್ ಸೆಟ್ ಹಾಕಿ ಮಾರುತ್ತಿತ್ತು. ಈ ಅಣ್ಣತಮ್ಮಂದಿರ ವ್ಯತ್ಯಾಸ ಮುಂದೆ ಕೆಲಸಕ್ಕೆ ಬರುತ್ತದೆ.

ಗುಂಡಿಯ ಏಟನ್ನು ನುಂಗುವುದು ಸ್ಪ್ರಿಂಗ್. ನುಂಗಿದ ಶಕ್ತಿಯನ್ನು ಅದು ಇಟ್ಟುಕೊಳ್ಳುವುದಿಲ್ಲ, ಪೂರ್ತಿ ಹಿಂದಿರುಗಿಸುತ್ತದೆ. ಹಿಂದಿರುಗಿಸಿದ್ದು ಮತ್ತೆ ಬಾಡಿಯ ಚಲನೆಯಾಗುತ್ತದೆ, ಮತ್ತೆ ಸ್ಪ್ರಿಂಗಿಗೆ ಹೋಗುತ್ತದೆ. ಈ ವ್ಯವಹಾರ ಮುಗಿಯಬೇಕಾದರೆ ಯಾರಾದರೂ ಶಕ್ತಿಯನ್ನು ಖರ್ಚು ಮಾಡಬೇಕು. ಶಾಕಪ್ಪಿನ ಕೆಲಸ ಅಷ್ಟೇ: ಚಲನೆಯನ್ನು ಶಾಖ ಮಾಡಿ ಗಾಳಿಗೆ ಬಿಡುವುದು. ಒಳಗೆ ಎಣ್ಣೆ ತುಂಬಿದ ಕೊಳವೆ, ಅದರಲ್ಲಿ ತೂತುಗಳಿರುವ ಪಿಸ್ಟನ್. ಇಂಜೆಕ್ಷನ್ ಸಿರಿಂಜನ್ನು ನಿಧಾನವಾಗಿ ಒತ್ತಿದರೆ ಸಲೀಸಾಗಿ ಹೋಗುತ್ತದೆ, ರಭಸದಿಂದ ಒತ್ತಿದರೆ ಹೆಬ್ಬೆರಳು ನೋಯುತ್ತದೆ, ಇಲ್ಲಿಯೂ ಅದೇ. ತಡೆ ಹುಟ್ಟುವುದು ವೇಗದಿಂದ. ನಿಂತ ಗಾಡಿಯಲ್ಲಿ ಶಾಕಪ್ಪಿನ ತಡೆ ಸೊನ್ನೆ, ಆದ್ದರಿಂದ ಅದು ತೂಕ ಹೊರುವುದಿಲ್ಲ. ತೊಟ್ಟಿಗೆ ಭಾರ ಹಾಕಿದಾಗ ಹಿಂಭಾಗ ಕುಸಿಯುತ್ತದೆಂದು ಗಟ್ಟಿ ಶಾಕಪ್ ಹಾಕಿಸುವವರು ಹಾಕಿಸಬೇಕಾದದ್ದು ಸ್ಪ್ರಿಂಗನ್ನು.

ಈ ಎಣ್ಣೆಯ ಉಪಾಯಕ್ಕೆ ಬರುವ ಮುನ್ನ ಜನ ಬೇರೆ ದಾರಿಗಳನ್ನು ಹಿಡಿದಿದ್ದರು. ಫ್ರಾನ್ಸಿನ ಟ್ರುಫೋ ರೂಪಿಸಿ ಅಮೆರಿಕದ ಹಾರ್ಟ್‌ಫರ್ಡ್ ಮಾರುಕಟ್ಟೆಗೆ ತಂದ ಸಾಧನದಲ್ಲಿ ಬಿಲ್ಲೆಗಳು ಒಂದಕ್ಕೊಂದು ಉಜ್ಜುತ್ತಿದ್ದವು. ಉಜ್ಜುವಿಕೆಗೆ ಒಂದು ಕೆಟ್ಟ ಗುಣವಿದೆ: ವೇಗ ಎಷ್ಟೇ ಇರಲಿ ತಡೆ ಒಂದೇ. ಸಣ್ಣ ಉಬ್ಬಿಗೆ ಅದು ಕದಲುವುದೇ ಇಲ್ಲ, ದೊಡ್ಡ ಹಳ್ಳಕ್ಕೆ ಸಾಲುವುದಿಲ್ಲ. ಫ್ರಾನ್ಸಿನವನೇ ಆದ ಮೊರಿಸ್ ಹೂಡೈ ಎಣ್ಣೆಯೊಳಗೆ ತಿರುಗುವ ರೆಕ್ಕೆಗಳನ್ನಿಟ್ಟು ಮಾಡಿದ್ದು ಆ ದೋಷವನ್ನು ಕಳೆಯಿತು. ಫೋರ್ಡ್ ಮಾಡೆಲ್-ಎ ಕಾರಿನಲ್ಲಿ ಬಂದದ್ದು ಹೂಡೈ ಶಾಕಪ್ಪೇ. ಉಜ್ಜುವ ತಡೆ ಮಾತ್ರ ಪಿಕಪ್ಪನ್ನು ಪೂರ್ತಿ ಬಿಟ್ಟುಹೋಗಲಿಲ್ಲ. ಬ್ಲೇಡ್ ಸೆಟ್ಟಿನ ಪಟ್ಟಿಗಳು ಒಂದರ ಮೇಲೊಂದು ಜಾರುವಾಗ ಆಗುವುದು ಅದೇ. ಹಾಗಾಗಿ ಜಿಎಂಸಿಯ ಹಿಂಭಾಗಕ್ಕೆ ಶಾಕಪ್ಪಿನ ಜೊತೆಗೆ ಪುಕ್ಕಟೆ ತಡೆಯೊಂದು ಸಿಗುತ್ತದೆ. ಸುರುಳಿ ಸ್ಪ್ರಿಂಗಿನ ಸಿ-10ಕ್ಕೆ ಆ ಭಾಗ್ಯವಿಲ್ಲ, ಅಲ್ಲಿ ಎಲ್ಲವನ್ನೂ ಶಾಕಪ್ಪೇ ಮಾಡಬೇಕು. ಹೊರಗಿನಿಂದ ಒಂದೇ ಥರ ಕಾಣುವ ಎರಡು ಟ್ರಕ್ಕಿಗೆ ಒಂದೇ ಜೊತೆ ಶಾಕಪ್ ಹೊಂದದಿರುವುದಕ್ಕೆ ಇದು ಮೊದಲ ಕಾರಣ.

ಈಗ ಲೆಕ್ಕ. ಸಂಖ್ಯೆಗಳು ವಿವರಣೆಗೆಂದು ಇಟ್ಟುಕೊಂಡವು, ಆದರೆ ಇಂಥ ಟ್ರಕ್ಕಿಗೆ ಒಗ್ಗುವಂಥವು. ಖಾಲಿ ಇದ್ದಾಗ ಹಿಂದಿನ ಒಂದೊಂದು ಸ್ಪ್ರಿಂಗಿನ ಮೇಲೆ 260 ಕೆ.ಜಿ. ಇದೆ ಎನ್ನೋಣ. ಚಕ್ರದ ಬಳಿ ಅಳೆದ ಸ್ಪ್ರಿಂಗಿನ ಬಿರುಸು ಮಿಲಿಮೀಟರಿಗೆ 35 ನ್ಯೂಟನ್. ತೂಕವನ್ನೂ ಬಿರುಸನ್ನೂ ಲೆಕ್ಕಕ್ಕೆ ಹಿಡಿದರೆ ಬಾಡಿ ಕುಣಿಯುವ ಸಹಜ ಲಯ ಸಿಗುತ್ತದೆ: ಸೆಕೆಂಡಿಗೆ ಸುಮಾರು 1.85 ಸಲ. ಒಳ್ಳೆಯ ಪ್ರಯಾಣಿಕ ಕಾರಿನಲ್ಲಿ ಇದು ಒಂದರಿಂದ ಒಂದೂವರೆಯೊಳಗೆ ಇರುತ್ತದೆ. ಖಾಲಿ ಪಿಕಪ್ಪು ಕುಲುಕುವುದು ಇದಕ್ಕೇ. ತೊಟ್ಟಿಗೆ 500 ಕೆ.ಜಿ. ಹೇರಿ, ಅದೆಲ್ಲ ಹಿಂದಿನ ಚಕ್ರಗಳ ಮೇಲೆ ಬಿತ್ತೆಂದುಕೊಳ್ಳಿ. ಒಂದೊಂದು ಸ್ಪ್ರಿಂಗಿನ ಮೇಲೆ 510 ಕೆ.ಜಿ. ಆಯಿತು. ಹಿಂಭಾಗ 7 ಸೆಂಟಿಮೀಟರ್ ಕುಸಿಯಿತು, ಲಯ 1.3ಕ್ಕೆ ಇಳಿಯಿತು. ಭಾರ ಹೇರಿದ ಟ್ರಕ್ಕು ಖಾಲಿಯದಕ್ಕಿಂತ ಹಿತವಾಗಿ ಓಡುತ್ತದೆಂದು ಲಾರಿ ಓಡಿಸಿದವರೆಲ್ಲ ಹೇಳುತ್ತಾರೆ. ಹಿತ ಬರುವುದು ಈ ಇಳಿದ ಲಯದಿಂದ.

ಶಾಕಪ್ಪಿನ ವಿಷಯ ಇಷ್ಟು ಸರಳವಲ್ಲ. ಬಾಡಿಯನ್ನು ಒತ್ತಿ ಬಿಟ್ಟಾಗ ಒಂದಿಷ್ಟೂ ಮೇಲಕ್ಕೆ ಹಾರದೆ, ಆದಷ್ಟು ಬೇಗ ತನ್ನ ಜಾಗಕ್ಕೆ ಬಂದು ನಿಲ್ಲುವಷ್ಟು ತಡೆ ಎಷ್ಟೋ ಅದನ್ನು ಪೂರ್ಣ ತಡೆ ಅನ್ನೋಣ. ಇರುವ ತಡೆ ಆ ಪೂರ್ಣ ತಡೆಯ ಎಷ್ಟು ಪಾಲು ಎಂಬುದೇ ಡ್ಯಾಂಪಿಂಗ್ ಅನುಪಾತ. ಸಾಮಾನ್ಯ ಕಾರುಗಳಲ್ಲಿ ಅದು 0.2ರಿಂದ 0.4ರ ಆಸುಪಾಸು. ಪೂರ್ಣ ತಡೆ ಯಾರಿಗೂ ಬೇಡ, ಅಷ್ಟಿದ್ದರೆ ರಸ್ತೆಯ ಪ್ರತಿ ಕಲ್ಲೂ ಬೆನ್ನುಮೂಳೆಗೆ ತಿಳಿಯುತ್ತದೆ. ನಮ್ಮ ಖಾಲಿ ಟ್ರಕ್ಕಿಗೆ ಚಕ್ರದ ಬಳಿ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ 2000 ನ್ಯೂಟನ್ ತಡೆ ಕೊಡುವ ಶಾಕಪ್ ಹಾಕಿದರೆ ಅನುಪಾತ 0.33 ಆಗುತ್ತದೆ. ಅಂದರೆ ಹಿಂಭಾಗ 10 ಸೆಂಟಿಮೀಟರ್ ತಗ್ಗಿದರೆ, ತಿರುಗಿ ಮೇಲೆ ಹೋಗುವಾಗ ಸುಮಾರು 3 ಸೆಂಟಿಮೀಟರ್ ದಾಟಿ, ಮುಂದಿನ ಸಲ ಒಂದಕ್ಕೆ ಬಂದು ಮುಗಿಯುತ್ತದೆ. ಅಚ್ಚುಕಟ್ಟು. ಅದೇ ಶಾಕಪ್ ಇಟ್ಟುಕೊಂಡು ಅರ್ಧ ಟನ್ ಹೇರಿದಾಗ? ಕುಣಿಯುವ ತೂಕ ಹೆಚ್ಚಿತು, ಪೂರ್ಣ ತಡೆಯ ಅಳತೆಗೋಲೇ ಉದ್ದವಾಯಿತು, ಅನುಪಾತ 0.24ಕ್ಕೆ ಇಳಿಯಿತು. ಈಗ 10ರ ನಂತರ ನಾಲ್ಕೂವರೆ, ಆಮೇಲೆ ಎರಡು, ಆಮೇಲೆ ಒಂದು. ಗಾಡಿ ತೂಗಾಡುತ್ತದೆ. ಭಾರದಲ್ಲಿಯೂ 0.33 ಬೇಕೆಂದು 2800ರ ಶಾಕಪ್ ಹಾಕಿದರೆ ಖಾಲಿ ಇದ್ದಾಗ ಅದು 0.46; ಒದೆತ ಗ್ಯಾರಂಟಿ.

ಇದಕ್ಕೆ ಎಲ್ಲ ಕಾಲಕ್ಕೂ ಸಲ್ಲುವ ಉತ್ತರವಿಲ್ಲ. ತಯಾರಕರು ನಡುವಿನ ದಾರಿ ಹಿಡಿಯಬೇಕಾಗುತ್ತಿತ್ತು. ಇವತ್ತು ಇಂಥ ಟ್ರಕ್ಕು ಇಟ್ಟುಕೊಂಡವರಿಗೆ ಒಂದು ಅನುಕೂಲವಿದೆ: ಹೆಚ್ಚಿನವರು ಅದರಲ್ಲಿ ಹುಲ್ಲಿನ ಪೆಂಡಿ ಹೇರುವುದಿಲ್ಲ. ವರ್ಷವಿಡೀ ಖಾಲಿ ಓಡುವ ಟ್ರಕ್ಕಿಗೆ ‘ಹೆವಿ ಡ್ಯೂಟಿ’ ಎಂದು ಬರೆದ ಪೆಟ್ಟಿಗೆ ಕೊಳ್ಳುವುದು ತಪ್ಪು ಆಯ್ಕೆ ಎನ್ನಲು ನನಗೆ ಅಳುಕಿಲ್ಲ. ಕ್ಯಾಟಲಾಗ್ ತೆರೆಯುವ ಮುನ್ನ ಗಾಡಿಯನ್ನು ವೇಬ್ರಿಜ್ಜಿಗೆ ಒಯ್ದು ಮುಂದಿನ ಆಕ್ಸಲ್ ಬೇರೆ, ಹಿಂದಿನದು ಬೇರೆ ತೂಗಿಸಿಕೊಂಡು ಬರಬೇಕು. ಅರ್ಧ ಗಂಟೆಯ ಕೆಲಸ, ಆಮೇಲಿನ ಎಷ್ಟೋ ಊಹೆಯನ್ನು ಉಳಿಸುತ್ತದೆ.

ಮುಂಭಾಗಕ್ಕೂ ಹಿಂಭಾಗಕ್ಕೂ ಇರುವ ಸಂಬಂಧವನ್ನು ಶಿಸ್ತಾಗಿ ಹಿಡಿದವನು ಮೊರಿಸ್ ಓಲಿ. ರೋಲ್ಸ್ ರಾಯ್ಸ್‌ನಿಂದ ಬಂದು 1930ರಲ್ಲಿ ಜನರಲ್ ಮೋಟರ್ಸ್ ಸೇರಿದ ಈ ಎಂಜಿನಿಯರ್, ಕ್ಯಾಡಿಲ್ಯಾಕ್ ವಿಭಾಗದಲ್ಲಿ ಒಂದು ವಿಚಿತ್ರ ಗಾಡಿ ಕಟ್ಟಿಸಿದ. ಭಾರದ ಗಟ್ಟಿಗಳನ್ನು ಹಿಂದಕ್ಕೂ ಮುಂದಕ್ಕೂ ಸರಿಸಿ, ತೂಕದ ಹಂಚಿಕೆ ಬದಲಾದಂತೆ ಸವಾರಿ ಹೇಗೆ ಬದಲಾಗುತ್ತದೆಂದು ಕೂತೇ ನೋಡಬಹುದಾಗಿತ್ತು. ಅವನು ಕಂಡುಕೊಂಡದ್ದು: ಹಿಂಭಾಗದ ಲಯ ಮುಂಭಾಗಕ್ಕಿಂತ ಚುರುಕಾಗಿರಬೇಕು. ಉಬ್ಬು ಮೊದಲು ಮುಂದಿನ ಚಕ್ರಕ್ಕೆ ಸಿಗುತ್ತದೆ, ಹಿಂದಿನದಕ್ಕೆ ತಡವಾಗಿ. 115 ಇಂಚಿನ ಟ್ರಕ್ಕು ಗಂಟೆಗೆ 60 ಕಿ.ಮೀ. ಹೋಗುತ್ತಿದ್ದರೆ ಈ ತಡ ಸೆಕೆಂಡಿನ ಆರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ತಡವಾಗಿ ಹೊರಟ ಹಿಂಭಾಗ ಚುರುಕಾಗಿದ್ದರೆ ಮುಂಭಾಗವನ್ನು ಹಿಡಿದುಬಿಡುತ್ತದೆ. ಎರಡೂ ಒಟ್ಟಿಗೆ ಏರಿ ಇಳಿದು ಬಾಡಿ ಮಟ್ಟಸವಾಗಿರುತ್ತದೆ. ಖಾಲಿ ಸಿ-10ರಲ್ಲಿ ಈ ನಿಯಮ ಬೇಕಾದ್ದಕ್ಕಿಂತ ಹೆಚ್ಚೇ ಪಾಲನೆಯಾಗುತ್ತದೆ. ಭಾರ ಹೇರಿದಾಗ ಹಿಂದಿನ ಲಯ ಮುಂದಿನದರ ಹತ್ತಿರಕ್ಕೆ ಇಳಿದು ನಿಯಮ ಮುರಿಯುತ್ತದೆ, ಟ್ರಕ್ಕು ಮೂತಿ ಮೇಲೆ ಬಾಲ ಕೆಳಗೆ, ಬಾಲ ಮೇಲೆ ಮೂತಿ ಕೆಳಗೆ ಎಂದು ತೊನೆಯುತ್ತದೆ. ಅನುಪಾತವೂ ಕುಸಿದಿರುವುದು ಅದೇ ಹೊತ್ತಿನಲ್ಲಿ. ಎರಡು ಕಷ್ಟಗಳು ಕೈಕೈ ಹಿಡಿದು ಬರುತ್ತವೆ.

ಮೇಲೆ ‘ಚಕ್ರದ ಬಳಿ’ ಎಂದು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ಶಾಕಪ್ಪು ಚಕ್ರದ ಮೇಲೆ ನೆಟ್ಟಗೆ ನಿಂತಿರುವುದಿಲ್ಲ. ಮುಂದುಗಡೆ ಅದನ್ನು ಕೆಳಗಿನ ತೋಳಿನ ನಡುವೆ ಎಲ್ಲೋ ಕಟ್ಟಿರುತ್ತಾರೆ. ಚಕ್ರ 10 ಸೆಂಟಿಮೀಟರ್ ಆಡಿದಾಗ ಶಾಕಪ್ಪಿನ ರಾಡು 6 ಸೆಂಟಿಮೀಟರ್ ಆಡುತ್ತದೆ ಎನ್ನಿ. ಮೊದಲನೆಯದಾಗಿ ಅದರ ವೇಗ ಕಡಿಮೆ, ತಡೆ ಅದಕ್ಕೆ ತಕ್ಕಂತೆ ಕಡಿಮೆ. ಎರಡನೆಯದಾಗಿ ಸನ್ನೆಕೋಲಿನ ಲೆಕ್ಕದಲ್ಲಿ ಆ ತಡೆ ಚಕ್ರಕ್ಕೆ ತಲುಪುವಾಗ ಮತ್ತೊಮ್ಮೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. 0.6ಕ್ಕೆ 0.6 ಗುಣಿಸಿದರೆ 0.36. ಬೆಂಚಿನ ಮೇಲೆ 100 ಕೊಟ್ಟ ಶಾಕಪ್ಪು ರಸ್ತೆಯಲ್ಲಿ 36 ಕೊಡುತ್ತದೆ. ವಾರೆಯಾಗಿ ಕಟ್ಟಿದರೂ ಹೀಗೇ ಎರಡು ಸಲದ ನಷ್ಟ: ನೆಟ್ಟಗಿನಿಂದ 30 ಡಿಗ್ರಿ ವಾಲಿದರೆ ಮುಕ್ಕಾಲು ಉಳಿಯುತ್ತದೆ, 45 ಡಿಗ್ರಿಯಲ್ಲಿ ಅರ್ಧ. ಟ್ರಕ್ಕನ್ನು ನೆಲಕ್ಕೆ ಇಳಿಸುವ ಶೋಕಿಯವರು ಗಮನಿಸಬೇಕಾದದ್ದು ಇಲ್ಲೇ. ಗಾಡಿ ಇಳಿದಷ್ಟೂ ವಾರೆಯ ಶಾಕಪ್ಪು ಇನ್ನಷ್ಟು ಮಲಗುತ್ತದೆ, ಹೊಸ ಶಾಕಪ್ಪಿನ ದುಡ್ಡಿನಲ್ಲಿ ಒಂದು ಪಾಲು ಕೋನಕ್ಕೇ ಹೋಗುತ್ತದೆ. ಮೇಲಿನ ಬ್ರಾಕೆಟ್ಟನ್ನು ಸರಿಸಿ ಕೋನ ತಿದ್ದುವುದು ಎಷ್ಟೋ ಸಲ ದುಬಾರಿ ಶಾಕಪ್ಪಿಗಿಂತ ಹೆಚ್ಚು ಫಲ ಕೊಡುತ್ತದೆ.

ಇಡಿ ಆಕ್ಸಲ್ಲಿನ ಕುಣಿತಕ್ಕೆ ಇನ್ನೂ ಒಂದು ಮುಖವಿದೆ. ಇಲ್ಲಿಯವರೆಗೆ ಹೇಳಿದ್ದು ಬಾಡಿ ಸ್ಪ್ರಿಂಗಿನ ಮೇಲೆ ಕುಣಿಯುವುದನ್ನು. ಬಾಡಿಗೂ ರಸ್ತೆಗೂ ನಡುವೆ ಸಿಕ್ಕಿಕೊಂಡ ಆಕ್ಸಲ್ಲೂ ಟೈರೆಂಬ ಸ್ಪ್ರಿಂಗಿನ ಮೇಲೆ ತನ್ನದೇ ಲಯದಲ್ಲಿ ಕುಣಿಯುತ್ತದೆ. ಡಿಫರೆನ್ಷಿಯಲ್, ಬ್ರೇಕ್ ಡ್ರಮ್ಮು, ಚಕ್ರ ಎಲ್ಲ ಸೇರಿ 180 ಕೆ.ಜಿ. ಇದ್ದರೆ ಆ ಲಯ ಸೆಕೆಂಡಿಗೆ 8ರಿಂದ 10 ಸಲ. ಹಲಗೆ ಹಲಗೆಯಾಗಿ ಅಲೆಯೆದ್ದ ಮಣ್ಣಿನ ರಸ್ತೆಯಲ್ಲಿ ಅಲೆಯಿಂದ ಅಲೆಗೆ 60 ಸೆಂಟಿಮೀಟರ್ ಇದ್ದರೆ, ಗಂಟೆಗೆ 20 ಕಿ.ಮೀ. ಸುತ್ತಮುತ್ತ ಆಕ್ಸಲ್ಲು ಸರಿಯಾಗಿ ತಾಳಕ್ಕೆ ಸಿಗುತ್ತದೆ. ಇಂಥ ಅಲೆಗಳನ್ನು ಗಾಡಿಗಳ ಸ್ಪ್ರಿಂಗುಗಳೇ ಹುಟ್ಟಿಸುತ್ತವೆಂದು ಬಹಳ ಮಂದಿ ನಂಬಿದ್ದರು. 2007ರಲ್ಲಿ ಟ್ಯಾಬರ್ಲೆ, ಮಾರಿಸ್, ಮೆಕೆಲ್ವೇನ್ ಎಂಬ ಮೂವರು ವಿಜ್ಞಾನಿಗಳು ಮರಳಿನ ವೃತ್ತಾಕಾರದ ಹಾದಿಯ ಮೇಲೆ ಚಕ್ರ ಓಡಿಸಿ ತೋರಿಸಿದರು: ಸ್ಪ್ರಿಂಗೇ ಇಲ್ಲದ ಚಕ್ರ ಓಡಿದರೂ, ವೇಗ ಒಂದು ಮಿತಿ ದಾಟಿದರೆ ಅಲೆ ಏಳುತ್ತದೆ. ಅಂತೂ ಅಲೆ ನಮ್ಮ ಶಾಕಪ್ಪಿನ ತಪ್ಪಲ್ಲ. ಅದರ ಮೇಲೆ ಟೈರು ನೆಲ ಬಿಡದಂತೆ ನೋಡಿಕೊಳ್ಳುವುದು ಮಾತ್ರ ಅದರದೇ ಹೊಣೆ.

ಟೈರು ನೆಲವನ್ನು ಒತ್ತುವ ಬಲ ಏರಿ ಇಳಿದರೆ ಹಿಡಿತ ನಷ್ಟವಾಗುತ್ತದೆ. ಒತ್ತಡ ಎರಡರಷ್ಟಾದಾಗ ಹಿಡಿತ ಎರಡರಷ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆ. ಆದ್ದರಿಂದ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಒತ್ತಿದ ಟೈರಿನ ಸರಾಸರಿ ಹಿಡಿತ, ಒಂದೇ ಸಮ ಒತ್ತಿದ ಟೈರಿನ ಹಿಡಿತಕ್ಕಿಂತ ಕಡಿಮೆಯಾಗಿಯೇ ಇರುತ್ತದೆ. ‘ಹ್ಯಾಂಡ್ಲಿಂಗ್’ ಎಂದು ನಾವು ಕರೆಯುವುದರ ತಿರುಳು ಇದು. ಖಾಲಿ ಪಿಕಪ್ಪಿನ ಹಿಂದಿನ ಟೈರುಗಳ ಮೇಲೆ ಮೊದಲೇ ತೂಕ ಕಡಿಮೆ, ಅದರ ಕೆಳಗಿನ ಆಕ್ಸಲ್ ಭಾರ. ಉಬ್ಬಿನ ಮೇಲೆ ಆ ಆಕ್ಸಲ್ ಎಗರಿದಾಗ ಬಾಡಿಯೇ ಅದನ್ನು ಒತ್ತಿ ಹಿಡಿಯುವಷ್ಟು ತೂಗುವುದಿಲ್ಲ. ಜೊತೆಗೆ ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಎಂದು ಆಕ್ಸಲ್ ತಕ್ಕಡಿಯಾಡಿದಾಗ, ಒಳಗೆ ಸರಿಸಿ ಕಟ್ಟಿದ ಶಾಕಪ್ಪಿಗೆ ಅದು ಗೊತ್ತಾಗುವುದೇ ಅಲ್ಪ. ಚಕ್ರಗಳ ನಡುವೆ 1.6 ಮೀಟರ್ ಇದ್ದು ಶಾಕಪ್ಪುಗಳ ನಡುವೆ 0.9 ಮೀಟರ್ ಇದ್ದರೆ ಈ ಆಟದ ಮೇಲೆ ಅವುಗಳ ಹಿಡಿತ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಶಾಕಪ್ಪಿನಿಂದ ಆಗದ ಕೆಲಸವನ್ನೂ ಹೇಳಿಬಿಡಬೇಕು, ನಿರಾಸೆಗಳು ಹುಟ್ಟುವುದು ಅಲ್ಲಿಂದ. ಉದ್ದನೆಯ ತಿರುವಿನಲ್ಲಿ ಟ್ರಕ್ಕು ಒಂದೇ ಸಮ ವಾಲಿಕೊಂಡು ಹೋಗುತ್ತಿದೆ ಎಂದುಕೊಳ್ಳಿ. ವಾಲಿಕೆ ಬದಲಾಗುತ್ತಿಲ್ಲ, ರಾಡು ಅಲುಗುತ್ತಿಲ್ಲ, ಶಾಕಪ್ಪಿನ ತಡೆ ಸೊನ್ನೆ. ಜಗತ್ತಿನ ಅತಿ ದುಬಾರಿ ಶಾಕಪ್ ಹಾಕಿದರೂ ಅದು ಅಷ್ಟೇ ಡಿಗ್ರಿ ವಾಲುತ್ತದೆ. ಅದನ್ನು ಕಡಿಮೆ ಮಾಡುವುದು ಸ್ಪ್ರಿಂಗ್ ಮತ್ತು ಆ್ಯಂಟಿರೋಲ್ ಬಾರ್; ಆ ಬಾರ್ ಇಲ್ಲದೆಯೇ ಕಾರ್ಖಾನೆಯಿಂದ ಹೊರಬಿದ್ದ ಹಳೆಯ ಪಿಕಪ್ಪುಗಳು ಬೇಕಾದಷ್ಟಿವೆ. ಶಾಕಪ್ಪಿನ ಕೈಯಲ್ಲಿರುವುದು ಸ್ಟಿಯರಿಂಗ್ ತಿರುಗಿಸಿದ ಮೊದಲ ಅರ್ಧ ಸೆಕೆಂಡು: ವಾಲುವುದಕ್ಕೆ ತೆಗೆದುಕೊಳ್ಳುವ ಹೊತ್ತು, ವಾಲಿದ ಮೇಲೆ ಒಮ್ಮೆ ಹೆಚ್ಚಾಗಿ ಹೋಗಿ ಹಿಂದೆ ಬರುತ್ತದೋ ಇಲ್ಲವೋ ಎಂಬುದು. ಈ ಅರ್ಧ ಸೆಕೆಂಡಿನಲ್ಲಿ ಮುಂದಿನ ಶಾಕಪ್ ಹಿಂದಿನದಕ್ಕಿಂತ ಬಿರುಸಾಗಿದ್ದರೆ ಹೊರಬದಿಯ ಮುಂದಿನ ಟೈರಿನ ಮೇಲೆ ಭಾರ ಬೇಗ ಬೀಳುತ್ತದೆ, ಮೂತಿ ತುಸು ಹೊರಗೆ ಹೋಗಲು ನೋಡುತ್ತದೆ. ಹಿಂದಿನದು ಬಿರುಸಾದರೆ ಬಾಲ. ಚಾಲಕನಿಗೆ ‘ಗಾಡಿ ಮಾತು ಕೇಳುತ್ತದೆ’ ಅನ್ನಿಸುವುದು ಬಹುಪಾಲು ಈ ಹೊತ್ತಿನ ನಡವಳಿಕೆಯಿಂದ. ಹಾಗಾಗಿ ಒಳ್ಳೆಯ ಶಾಕಪ್ಪಿನ ಪರಿಣಾಮವನ್ನು ಚಾಲಕ ಅಷ್ಟು ದೊಡ್ಡದಾಗಿ ಬಣ್ಣಿಸುವುದರಲ್ಲಿ ಉತ್ಪ್ರೇಕ್ಷೆ ಕಡಿಮೆ. ಟೈರನ್ನೂ ಮರೆಯುವ ಹಾಗಿಲ್ಲ. ಈ ಟ್ರಕ್ಕುಗಳು ಹುಟ್ಟಿದ್ದು ಅಡ್ಡನೂಲಿನ ಬಯಾಸ್ ಟೈರಿನ ಕಾಲದಲ್ಲಿ. ಈಗ ಅವುಗಳ ಮೇಲಿರುವುದು ರೇಡಿಯಲ್. ಹೊಸ ಟೈರಿಗೆ ಹೊಂದುವ ತಡೆ ಹಳೆಯ ಮ್ಯಾನ್ಯುಯೆಲ್‌ನಲ್ಲಿ ಸಿಗುವುದಿಲ್ಲ.

ಒಂದು ಹಳೆಯ ಶಾಕಪ್ಪನ್ನು ಅಡ್ಡಕ್ಕೆ ಕೊಯ್ದರೆ ಒಳಗೆ ಎರಡು ಕೊಳವೆ ಕಾಣುತ್ತವೆ. ಒಳಗಿನದರಲ್ಲಿ ಪಿಸ್ಟನ್ ಆಡುತ್ತದೆ. ರಾಡು ಒಳಗೆ ಬಂದಷ್ಟು ಜಾಗದ ಎಣ್ಣೆ ತಳದ ವಾಲ್ವಿನ ಮೂಲಕ ಹೊರಗಿನ ಕೊಳವೆಗೆ ಹೋಗುತ್ತದೆ, ಅಲ್ಲಿ ಎಣ್ಣೆಯ ಮೇಲೆ ಗಾಳಿ. ಪಿಸ್ಟನ್ನಿನ ಎರಡೂ ಮುಖಕ್ಕೆ ಉಗುರಿಗಿಂತ ತೆಳುವಾದ ಉಕ್ಕಿನ ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರೆ, ಒಂದೊಂದು ಮಿಲಿಮೀಟರಿನ ಹತ್ತನೇ ಒಂದೆರಡು ಪಾಲಿನಷ್ಟು ದಪ್ಪ. ಎಣ್ಣೆಯ ಒತ್ತಡಕ್ಕೆ ಬಿಲ್ಲೆ ಅಂಚಿನಲ್ಲಿ ಬಾಗಿ ದಾರಿ ಬಿಡುತ್ತದೆ. ನಿಧಾನ ಚಲನೆಯಲ್ಲಿ, ಅಂದರೆ ಬಾಡಿ ವಾಲುವಾಗ, ಬ್ರೇಕಿಗೆ ತಗ್ಗುವಾಗ, ಬಿಲ್ಲೆ ಮುಚ್ಚಿಯೇ ಇರುತ್ತದೆ. ಎಣ್ಣೆ ಒಂದು ಸಣ್ಣ ಕಚ್ಚಿನಲ್ಲಿ ಮಾತ್ರ ನುಸುಳುತ್ತದೆ. ಗುಂಡಿಯ ಏಟಿಗೆ ರಾಡು ಸೆಕೆಂಡಿಗೆ ಒಂದು ಮೀಟರಿನ ವೇಗ ಮುಟ್ಟಿದಾಗ ಬಿಲ್ಲೆ ಪೂರ್ತಿ ಬಾಗಿ ಎಣ್ಣೆಯನ್ನು ಬಿಡುತ್ತದೆ. ಬೇಕಾದದ್ದು ಇದೇ: ನಿಧಾನಕ್ಕೆ ಬಿಗಿ, ರಭಸಕ್ಕೆ ಸಡಿಲ. ಅಗ್ಗದ ಶಾಕಪ್ಪಿನಲ್ಲಿ ಬರಿಯ ತೂತನ್ನೇ ನಂಬಿದರೆ ತಡೆ ವೇಗದ ವರ್ಗದಂತೆ ಏರುತ್ತದೆ. ತಿರುವಿನಲ್ಲಿ ಸಡಿಲ, ಗುಂಡಿಯಲ್ಲಿ ಕಲ್ಲು. ಮೊದಲ ಪ್ಯಾರಾದ ಒದೆತಕ್ಕೆ ಇದೂ ಒಂದು ಕಾರಣವಿರಬಹುದು.

ಎರಡು ಕೊಳವೆಯ ಶಾಕಪ್ಪಿಗೆ ಶಾಖವೂ ನೊರೆಯೂ ಶತ್ರು. ಕೆಟ್ಟ ರಸ್ತೆಯಲ್ಲಿ ಒಂದು ಶಾಕಪ್ಪು ನೂರಿನ್ನೂರು ವಾಟ್ ಶಾಖ ಹೊರಹಾಕಬೇಕಾಗುತ್ತದೆ. ಬಿಸಿಯಾದ ಎಣ್ಣೆ ತೆಳುವಾಗುತ್ತದೆ, ಗಾಳಿಯೊಡನೆ ಕಲೆತು ನೊರೆಯಾಗುತ್ತದೆ, ನೊರೆ ತಡೆ ಕೊಡುವುದಿಲ್ಲ. ಫ್ರಾನ್ಸಿನ ಕ್ರಿಸ್ತಿಯಾನ್ ಬುರ್ಸಿಯೆ ದ ಕಾರ್ಬೋನ್ ಇದಕ್ಕೆ ಕಂಡ ಪರಿಹಾರ ಒಂದೇ ಕೊಳವೆ. ಅದರ ತುದಿಯಲ್ಲಿ 25 ಬಾರ್ ಆಸುಪಾಸಿನ ಒತ್ತಡದ ನೈಟ್ರೋಜನ್, ಎಣ್ಣೆಗೂ ಅನಿಲಕ್ಕೂ ನಡುವೆ ತೇಲುವ ಪಿಸ್ಟನ್ ಗೋಡೆ. ಅಷ್ಟು ಒತ್ತಡದಲ್ಲಿ ನೊರೆ ಏಳುವುದಿಲ್ಲ. ಹೊರಗೋಡೆಯೇ ಕೆಲಸದ ಗೋಡೆಯಾದ್ದರಿಂದ ಶಾಖ ನೇರ ಗಾಳಿಗೆ. ಜರ್ಮನಿಯ ಬಿಲ್ಸ್ಟೈನ್ ಕಂಪನಿ ಈ ತತ್ವವನ್ನು ಕೈಗೆತ್ತಿಕೊಂಡು 1957ರಲ್ಲಿ ಮರ್ಸಿಡಿಸ್ ಕಾರಿಗೆ ಕೊಟ್ಟಿತು. ಹಳೆಯ ಟ್ರಕ್ಕಿಗೆ ಇದನ್ನು ಹಾಕುವಾಗ ಎರಡು ಎಚ್ಚರ. ರಾಡಿನ ಮೇಲೆ ಅನಿಲ ಸದಾ ಒತ್ತುತ್ತಿರುತ್ತದೆ: 14 ಮಿಲಿಮೀಟರ್ ರಾಡಾದರೆ ಸುಮಾರು 39 ಕೆ.ಜಿ. ತೂಕಕ್ಕೆ ಸಮ. ಶಾಕಪ್ಪು ತೂಕ ಹೊರುವುದಿಲ್ಲ ಎಂಬ ಮಾತಿಗೆ ಇದೊಂದು ಸಣ್ಣ ಅಪವಾದ. ಖಾಲಿ ಹಿಂಭಾಗ ಒಂದು ಸೆಂಟಿಮೀಟರಿನಷ್ಟು ಏರುತ್ತದೆ. ಇನ್ನೊಂದು, ಹೊರಗೋಡೆಗೆ ಕಲ್ಲು ಬಡಿದು ನೆಗ್ಗಿದರೆ ಪಿಸ್ಟನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎರಡು ಕೊಳವೆಯದಕ್ಕೆ ಅಂಥ ನೆಗ್ಗು ಲೆಕ್ಕಕ್ಕಿಲ್ಲ. ಹೊಲದ ದಾರಿಯಲ್ಲಿ ಓಡುವ ಗಾಡಿಗೂ, ಹುಟ್ಟಿದಾಗಿನ ಹದವೇ ಬೇಕು ಎನ್ನುವವರಿಗೂ ಕಡಿಮೆ ಒತ್ತಡದ ಅನಿಲವಿರುವ ಎರಡು ಕೊಳವೆಯದೇ ಮೇಲು ಎಂದು ನನ್ನ ಎಣಿಕೆ. ಗಾಳಿ ತುಂಬಿ ಹಿಂಭಾಗ ಎತ್ತುವ ಏರ್ ಶಾಕಪ್ಪನ್ನಂತೂ ಹತ್ತಿರ ಸೇರಿಸಬಾರದು. ಚಾಸಿಯಲ್ಲಿ ಶಾಕಪ್ ಕಟ್ಟುವ ಬ್ರಾಕೆಟ್ಟನ್ನು ಮಾಡಿರುವುದು ತೂಕ ಹೊರುವುದಕ್ಕಲ್ಲ, ಅದು ಬಿರಿಯುತ್ತದೆ.

ಶಾಕಪ್ಪನ್ನು ಪರೀಕ್ಷಿಸುವ ಯಂತ್ರ ರಾಡನ್ನು ಮೇಲೆ ಕೆಳಗೆ ಆಡಿಸಿ, ಯಾವ ಜಾಗದಲ್ಲಿ ಎಷ್ಟು ಬಲ ಬಂತೆಂದು ಗೆರೆ ಎಳೆಯುತ್ತದೆ. ಆರೋಗ್ಯವಂತ ಶಾಕಪ್ಪಿನ ಗೆರೆ ಮೊಟ್ಟೆಯಾಕಾರದ ಕುಣಿಕೆಯಾಗಿ ಬಂದು ಮುಚ್ಚಿಕೊಳ್ಳುತ್ತದೆ. ಕುಣಿಕೆಯೊಳಗಿನ ಜಾಗವೇ ಒಂದು ಸುತ್ತಿನಲ್ಲಿ ಶಾಖವಾದ ಶಕ್ತಿ. ನೊರೆ ಕಟ್ಟಿದ್ದಾದರೆ ರಾಡು ದಿಕ್ಕು ಬದಲಿಸುವ ಮೂಲೆಯಲ್ಲಿ ಗೆರೆ ಒಳಕ್ಕೆ ಕುಸಿದಿರುತ್ತದೆ, ಆ ಕೆಲವು ಮಿಲಿಮೀಟರ್‌ಗಳಲ್ಲಿ ತಡೆಯೇ ಇಲ್ಲ. ಮೊಟ್ಟೆಯ ಎರಡು ಅರ್ಧಗಳೂ ಸಮವಾಗಿರುವುದಿಲ್ಲ. ರಾಡು ಹೊರಬರುವಾಗಿನ ತಡೆ ಒಳಹೋಗುವಾಗಿನದರ ಎರಡು ಮೂರು ಪಟ್ಟು ಇರುತ್ತದೆ: ಉಬ್ಬಿಗೆ ಚಕ್ರ ಏರುವಾಗ ಜೋರಾಗಿ ತಡೆದರೆ ಏಟು ನೇರ ಬಾಡಿಗೆ ಹೋಗುತ್ತದೆ, ಅದಕ್ಕೇ ಹೋಗಲು ಬಿಟ್ಟು ಬರುವಾಗ ಹಿಡಿಯುತ್ತಾರೆ. ಬಿಲ್ಸ್ಟೈನ್ ಶಾಕಪ್ಪುಗಳಿಗೆ 255/70 ಎಂಬಂಥ ಗುರುತಿರುತ್ತದೆ. ರಾಡು ಸೆಕೆಂಡಿಗೆ 0.52 ಮೀಟರ್ ವೇಗದಲ್ಲಿ ಆಡುವಾಗ ಹೊರಬರುವ ತಡೆ 2550 ನ್ಯೂಟನ್, ಒಳಹೋಗುವ ತಡೆ 700 ನ್ಯೂಟನ್ ಎಂದು ಅರ್ಥ. ಎರಡರ ಸರಾಸರಿಯನ್ನು ವೇಗದಿಂದ ಭಾಗಿಸಿದರೆ 3125. ನಮ್ಮ ಖಾಲಿ ಟ್ರಕ್ಕಿಗೆ ಚಕ್ರದ ಬಳಿ ಬೇಕಾದದ್ದು 2000. ನೆಟ್ಟಗಿನಿಂದ 37 ಡಿಗ್ರಿ ವಾಲಿಸಿ ಕಟ್ಟಿದರೆ ಇದು ಸರಿಯಾಗಿ ಅಷ್ಟೇ ಕೊಡುತ್ತದೆ. ನೆಟ್ಟಗೆ ಕಟ್ಟಿದರೆ ವಿಪರೀತ. ಒಂದೇ ಶಾಕಪ್ಪು, ಎರಡು ತೀರ್ಪು. ಹೊರಬರುವ ತಡೆಯನ್ನು ಅತಿಯಾಗಿ ಏರಿಸಿದರೂ ಕಷ್ಟವೇ. ಸಾಲು ಉಬ್ಬುಗಳ ಮೇಲೆ ಚಕ್ರ ಕೆಳಗಿಳಿಯಲು ಪುರಸೊತ್ತೇ ಸಿಗದೆ, ಗಾಡಿ ಮೆಟ್ಟಿಲಿಳಿದಂತೆ ಇಳಿದು, ಆಕ್ಸಲ್ ಚಾಸಿಗೆ ಬಡಿಯದಂತೆ ಇಟ್ಟ ರಬ್ಬರ್ ತಡೆಗೆ ಕೂತುಬಿಡುತ್ತದೆ.

ಉದ್ದದ ವಿಷಯದಲ್ಲಿ ಯಾರೂ ಕ್ಯಾಟಲಾಗನ್ನು ನಂಬಬಾರದು, ಅದರಲ್ಲೂ ಇಳಿಸಿದ ಗಾಡಿಗೆ. ಸಿ-10ಗಳನ್ನು ಮುಂದೆ 4 ಇಂಚು, ಹಿಂದೆ 6 ಇಂಚು ಇಳಿಸುವ ಪದ್ಧತಿ ಬಲು ಜನಪ್ರಿಯ. ಮೂಲ ಉದ್ದದ ಶಾಕಪ್ಪನ್ನೇ ಉಳಿಸಿಕೊಂಡರೆ ರಬ್ಬರ್ ತಡೆ ತಾಗುವ ಮುನ್ನವೇ ಪಿಸ್ಟನ್ ತಳಕ್ಕೆ ಬಡಿಯುತ್ತದೆ. ಸ್ಪ್ರಿಂಗ್ ಬಿಚ್ಚಿ, ಆಕ್ಸಲ್ಲನ್ನು ಜಾಕಿನಿಂದ ರಬ್ಬರ್ ತಡೆ ತಾಗುವವರೆಗೆ ಎತ್ತಿ, ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿಗೆ ಅಳೆಯಬೇಕು. ಪೂರ್ತಿ ಇಳಿಬಿಟ್ಟು ಇನ್ನೊಮ್ಮೆ, ಗಾಡಿ ನಿಲ್ಲುವ ಎತ್ತರದಲ್ಲಿ ಮತ್ತೊಮ್ಮೆ. ಮುಚ್ಚಿದ ಉದ್ದ ಮೊದಲನೆಯದಕ್ಕಿಂತ ಒಂದೆರಡು ಸೆಂಟಿಮೀಟರ್ ಕಡಿಮೆ, ಬಿಚ್ಚಿದ ಉದ್ದ ಎರಡನೆಯದಕ್ಕಿಂತ ಅಷ್ಟೇ ಹೆಚ್ಚು ಇರುವ ಶಾಕಪ್ ಹುಡುಕಬೇಕು. ಭಾರಕ್ಕೆ 7 ಸೆಂಟಿಮೀಟರ್ ಕುಸಿಯುವ ಹಿಂಭಾಗದಲ್ಲಿ ರಾಡು ಒಳಹೋಗುವ ಕಡೆಗೇ ಹೆಚ್ಚು ಜಾಗ ಬಿಡುವುದು ಕ್ಷೇಮ.

ಹೊರಗಿನಿಂದ ತಿರುಗಿಸಿ ತಡೆ ಬದಲಿಸುವ ಶಾಕಪ್ಪುಗಳು ಪಿಕಪ್ಪಿನ ಮಟ್ಟಿಗೆ ಶೋಕಿಯೇನಲ್ಲ, ತೂಕ ಬದಲಾಗುವ ಗಾಡಿಗೆ ನ್ಯಾಯವಾದ ಉತ್ತರವೇ. ಅವು ಸಿಕ್ಕರೆ ಮೊದಲು ನಾಲ್ಕನ್ನೂ ಅತಿ ಸಡಿಲಕ್ಕೆ ತಿರುಗಿಸಿ, ಟೈರಿನ ಗಾಳಿ ಸರಿಮಾಡಿ, ಚೆನ್ನಾಗಿ ಗೊತ್ತಿರುವ ಒಂದು ರಸ್ತೆಯಲ್ಲಿ ಓಡಿಸಬೇಕು. ಮುಂದಿನದನ್ನು ಎರಡೆರಡು ಕ್ಲಿಕ್ ಬಿಗಿ ಮಾಡುತ್ತ, ಉಬ್ಬಿನ ನಂತರ ಮೂತಿ ಒಂದೇ ಸಲ ಎದ್ದು ನಿಲ್ಲುವಲ್ಲಿ ನಿಲ್ಲಿಸಬೇಕು. ಆಮೇಲೆ ಹಿಂದಿನದು, ಮೊದಲು ಖಾಲಿ ತೊಟ್ಟಿಯಲ್ಲಿ. ಒದೆತ ಕಂಡ ಕ್ಷಣ ಎರಡು ಕ್ಲಿಕ್ ಹಿಂದಕ್ಕೆ. ಮರಳಿನ ಮೂಟೆ ಹೇರಿ ಅದನ್ನೇ ಇನ್ನೊಮ್ಮೆ ಮಾಡಿ, ಎರಡು ಅಂಕಿಗಳನ್ನೂ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಬರೆದಿಟ್ಟರಾಯಿತು. ಶಾಕಪ್ಪಿನ ತುದಿಗಳಲ್ಲಿರುವ ರಬ್ಬರ್ ಬುಷ್ಷುಗಳ ಬೋಲ್ಟನ್ನು ಮಾತ್ರ ಗಾಡಿ ತನ್ನ ಚಕ್ರಗಳ ಮೇಲೆ ನಿಂತಾಗಲೇ ಕೊನೆಯ ಸುತ್ತು ಬಿಗಿಸಬೇಕು. ಜಾಕಿನ ಮೇಲೆ ತೂಗುವಾಗ ಬಿಗಿಸಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಹರಿದ ಬುಷ್ಷಿನಲ್ಲಿ ಆಕ್ಸಲ್ಲಿನ ಮೊದಲ ಮೂರು ನಾಲ್ಕು ಮಿಲಿಮೀಟರ್ ಆಟ ಶಾಕಪ್ಪಿನವರೆಗೆ ತಲುಪುವುದೇ ಇಲ್ಲ.